ಗಿರಣಿ ನಿಲ್ಲಿಸಿದ ಮಧ್ಯಾಹ್ನ

ಭಾಗ್ಯನಗರದಲ್ಲಿ ನನ್ನ ಹಿಟ್ಟಿನ ಗಿರಣಿ ಚಾಲೂ ಆದರೆ ಓಣಿಯ ಬಲ್ಬುಗಳೆಲ್ಲ ಕೆಂಪಗೆ ಕುಗ್ಗುತ್ತಿದ್ದವು. ಜನ ಬೈಯುತ್ತಿದ್ದರು, ರೊಟ್ಟಿ ಬೇಕಾದವರು ಇಷ್ಟಾದರೂ ಸಹಿಸಬೇಕಲ್ಲ ಎಂದು ನಾನೂ ಬೈಯುತ್ತಿದ್ದೆ. ಪಕ್ಕದ ಖೋಲಿಯ ಕಾಳಪ್ಪ ಮಾತ್ರ ಸುಮ್ಮನಿರುತ್ತಿದ್ದ. ಎಲ್ಲೋ ಕಂಪೌಂಡರ್ ಆಗಿದ್ದವನು, ೧೯೭೯ರಲ್ಲಿ ಒಂದು ಹಳೆಯ ಕರೆಂಟಿನ ದೀಪ ತಂದು ಮೊಡವೆಗೆ ಬೆಳಕಿನ ಚಿಕಿತ್ಸೆ ಶುರು ಮಾಡಿದ್ದ. ದೀಪದ ತಗಡಿನ ಮೇಲೆ ಕೆಂಪು ಅಕ್ಷರದಲ್ಲಿ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು, ಅರ್ಧ ಕೆರೆದುಹೋಗಿತ್ತು. ಅದನ್ನು ಓದುವವರು ನಮ್ಮಲ್ಲಿ ಯಾರೂ ಇರಲಿಲ್ಲ. ಹದಿನೈದು ನಿಮಿಷ ಮಲಗಿಸುತ್ತಿದ್ದ. ಈ ಖೋಲಿಯಲ್ಲೇ ಹಾಕಿ ನೋಡಿ ನೋಡಿ ಕಂಡುಕೊಂಡ ಲೆಕ್ಕ ಅದು. ಮುಖ ತುಸು ಕೆಂಪಾಗಿ, ನಾಲ್ಕು ದಿನಕ್ಕೆ ಮೊಡವೆ ಒಣಗುತ್ತಿದ್ದವು.

ಅದಕ್ಕೇ ಬೇವೂರಿನಿಂದ ಅಕ್ಕನ ಮಗಳು ಹೊಳಿಯಮ್ಮನನ್ನು ಕರೆಸಿದೆ. ಹತ್ತೊಂಬತ್ತರ ಹುಡುಗಿ, ಕೆನ್ನೆ ತುಂಬ ಮೊಡವೆ. ಕೊಪ್ಪಳದ ಸ್ಟುಡಿಯೋದವನು ಫೋಟೋದಲ್ಲಿ ಒಂದನ್ನೂ ಬಿಡದೆ ಅಳಿಸಿದ್ದ. ನೋಡಿದವಳೇ, "ಇದು ಯಾರದು ಮಾಮಾ?" ಎಂದಿದ್ದಳು. ಅದೇ ಫೋಟೋ ನೋಡಿ ನವಲಿಯ ಮಾಸ್ತರ ವಿರುಪಣ್ಣ ಮದುವೆಗೆ ಒಪ್ಪಿದ್ದ. ಸೋಮವಾರ ಬಂದು ಖುದ್ದಾಗಿ ನೋಡುವವನಿದ್ದ. ಫೋಟೋ ಕಳಿಸಿದವನು ನಾನೇ. ಆ ಫೋಟೋಕ್ಕೆ ಮುಖ ಹೊಂದಿಸುವುದೂ ನನ್ನ ತಲೆಗೇ ಬಂತು.

ಬುಧವಾರ ಮಧ್ಯಾಹ್ನ ಕಾಳಪ್ಪ ಅವಳನ್ನು ಬೆಂಚಿನ ಮೇಲೆ ಮಲಗಿಸಿ ಕಣ್ಣಿಗೆ ಒದ್ದೆ ಹತ್ತಿ ಇಟ್ಟ.

"ಉರಿತೈತೇನು ಮಾಮಾ?"

"ಬಿಸಲಾಗ ಕುಂತಂಗ, ಅಷ್ಟ. ನಾ ಇಲ್ಲೇ ಅದೀನಿ."

ಗಿರಣಿಯ ಸದ್ದಿಗೆ ಬೆಂಚು ನಡುಗುತ್ತಿತ್ತು. ಅವಳು ಸೆರಗನ್ನು ಹಿಂಡಿ ಹಿಡಿದಿದ್ದಳು. ಆ ನಡುಕವಾದರೂ ನಿಲ್ಲಲೆಂದು ಹೋಗಿ ಮೋಟಾರು ಬಂದ್ ಮಾಡಿದೆ. ಜೋಳ ಹೊತ್ತು ನಿಂತಿದ್ದ ಕಳಕಮ್ಮ ಗೊಣಗಿದಳು.

"ಹದಿನೈದ ನಿಮಿಷ ಸುಮ್ಮನ ಕುಂದ್ರಬೇ, ನಮ್ಮ ಹುಡುಗಿ ಮಕ್ಕೊಂಡಾಳ," ಎಂದು ಗದರಿದೆ.

ತಿರುಗಿ ಬಂದಾಗ ಖೋಲಿಯ ಗೋಡೆಗಳೆಲ್ಲ ನೀಲಿಯಾಗಿದ್ದವು. ದೀಪ ಗುಂಯ್‌ಗುಡುತ್ತಿತ್ತು. ಯಾವುದೋ ಘಾಟು ಮೂಗಿಗೆ ಬಡಿಯಿತು.

"ಇವತ್ತ ಲೈಟ್ ಭಾಳ ಛಲೋ ಬಂದೈತಿ ನೋಡ್ರಿ," ಎಂದು ಕಾಳಪ್ಪ ಹಿಗ್ಗಿದ. ನಾನೂ ಹಿಗ್ಗಿದೆ. ಹೊಳಿಯಮ್ಮನ ಮುಷ್ಟಿ ಸಡಿಲವಾಗಿತ್ತು. ಕಾಳಪ್ಪ ಗಡಿಯಾರದ ಮೇಲಿನ ಕಣ್ಣು ತೆಗೆಯದೆ ಹದಿನೈದು ನಿಮಿಷಕ್ಕೆ ಸರಿಯಾಗಿ ದೀಪ ಆರಿಸಿದ.

ಮರುದಿನ ಬೆಳಗ್ಗೆ ನನ್ನ ಹೆಂಡತಿ ದುರುಗವ್ವ ಚೀರಿದಳು. ಹುಡುಗಿಯ ಮುಖ ಊದಿ ಕಣ್ಣು ಮುಚ್ಚಿಹೋಗಿದ್ದವು. ಕೆನ್ನೆಯ ಮೇಲೆ ನೀರು ತುಂಬಿದ ಗುಳ್ಳೆಗಳು. ಕಾಳಪ್ಪನ ಕಾಲರ್ ಹಿಡಿದು ಎರಡು ಬಾರಿಸಿದೆ.

"ಹದಿನೈದ ನಿಮಿಷರಿ! ಎಲ್ಲಾರಿಗೂ ಅಷ್ಟ ಇಟ್ಟೀನಿ," ಎಂದು ಅಳತೊಡಗಿದ.

ಗಿರಾಕಿಗಳು ಕಾಯುತ್ತಿದ್ದರು. ಸಿಟ್ಟಿನಲ್ಲೇ ಹೋಗಿ ಮೋಟಾರು ಹಾಕಿದೆ. ಬಾಗಿಲಿನಿಂದ ಕಾಣುವ ಕಾಳಪ್ಪನ ಖೋಲಿಯ ಬಲ್ಬು ಕೆಂಪಗೆ ಕುಗ್ಗಿತು. ನನ್ನ ಕೈ ಸ್ವಿಚ್ಚಿನ ಮೇಲೇ ಉಳಿಯಿತು. ಅಲ್ಲಿಯವರೆಗೆ ಎಲ್ಲರೂ ಮಲಗಿದ್ದು ನನ್ನ ಗಿರಣಿ ಕುಗ್ಗಿಸಿದ ಬೆಳಕಿನಲ್ಲಿ. ಆ ದೀಪದ ಪೂರ್ತಿ ಉರಿ ಬಿದ್ದದ್ದು ಹೊಳಿಯಮ್ಮನ ಮೇಲೆ ಮಾತ್ರ.

ಯಾರಿಗೂ ಹೇಳಲಿಲ್ಲ. ಅದೇ ದಿನ ಓಣಿಯವರು ಕಾಳಪ್ಪನನ್ನು ಓಡಿಸಿದರು. ನಾನೂ ಅವರ ಜೊತೆ ನಿಂತಿದ್ದೆ. ನವಲಿಯ ಮಾಸ್ತರನಿಗೆ ಬರುವುದು ಬೇಡವೆಂದು ಹೇಳಿಕಳಿಸಿದೆವು.

ತಿಂಗಳಾದ ಮೇಲೆ ಅವಳನ್ನು ಬೇವೂರಿನ ಬಸ್ಸಿಗೆ ಹತ್ತಿಸಿದೆ. ಕಪ್ಪು ಕಲೆಗಳು ಬಿದ್ದ ಮುಖವನ್ನು ಸೆರಗಿನಿಂದ ಮುಚ್ಚಿಕೊಂಡು ಕಿಟಕಿಯಿಂದ ಬಗ್ಗಿದಳು.

"ಮಾಮಾ, ಅವತ್ತ ನನ್ನ ಸಲುವಾಗಿ ಗಿರಣಿ ನಿಲ್ಲಿಸಿದಿ ನೋಡು, ಅದನ್ನ ನಾ ಸಾಯೋಮಟ ಮರಿಯಂಗಿಲ್ಲ."