ಕಜೆತಾನನ ‘ಮತ್ತೆ?’

ಕಜೆತಾನ್ ಯಾರದಾದರೂ ಚಿತ್ರ ಬರೆಯಲು ಒಪ್ಪಿಕೊಂಡರೆ ಮೊದಲ ಮೂರು ದಿನ ಕುಂಚವನ್ನೇ ಮುಟ್ಟುತ್ತಿರಲಿಲ್ಲ. ಎದುರಿಗೆ ಕೂತವರು ಮಾತು ಮುಗಿಸಿ ಸುಮ್ಮನಾದಾಗ ತಲೆಯನ್ನು ತುಸು ಓರೆ ಮಾಡಿ “ಮತ್ತೆ?” ಎನ್ನುತ್ತಿದ್ದ, ಅಷ್ಟೆ. ಆ ಒಂದು ಪದಕ್ಕೆ ಕಾಸರಗೋಡು ಪೇಟೆಯ ಜವಳಿ ವ್ಯಾಪಾರಿಗಳೂ, ನಿವೃತ್ತ ಹೆಡ್‌ಮಾಸ್ತರರೂ, ಗಲ್ಫಿನಿಂದ ರಜೆಗೆ ಬಂದವರೂ ಹೆಂಡತಿಗೂ ಹೇಳದ ಸಂಗತಿಗಳನ್ನು ಹೇಳಿ ಕಣ್ಣೊರೆಸಿಕೊಂಡು ಏಳುತ್ತಿದ್ದರು. ನಾಲ್ಕನೆಯ ದಿನ ಕ್ಯಾನ್ವಾಸಿನ ಮೇಲೆ ಆ ಕಣ್ಣೊರೆಸಿಕೊಂಡ ಮುಖವೇ ಮೂಡುತ್ತಿತ್ತು.

ಕಜೆತಾನನ ಮಾಳಿಗೆಯ ಎದುರಿಗೆ, ರಸ್ತೆಯ ಈಚೆ ಬದಿಯ ಅಂಗಡಿಯಲ್ಲಿ ಕೂತು ಇದನ್ನೆಲ್ಲ ಕೇಳಿ ಹೊಟ್ಟೆ ಉರಿಸಿಕೊಳ್ಳುತ್ತಿದ್ದವನು ಲೋಕನಾಥ. ಇಬ್ಬರೂ ಒಂದೇ ಡ್ರಾಯಿಂಗ್ ಮಾಸ್ತರರ ಶಿಷ್ಯರು. ಆದರೆ ಲೋಕನಾಥನದು ಗತಿಸಿದವರ ಚಿತ್ರ. ಮನೆಯವರು ತಂದುಕೊಟ್ಟ ಪುಟ್ಟ ಫೋಟೋದ ಮೇಲೆ ಚೌಕುಳಿ ಗೆರೆ ಹಾಕಿ, ಭೂತಗನ್ನಡಿಯಲ್ಲಿ ಹುಬ್ಬಿನ ಕೂದಲನ್ನೂ ಎಣಿಸಿ, ಹಾರಕ್ಕೆಂದು ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ಬರೆಯುತ್ತಿದ್ದ. ಬದುಕಿದ್ದವರ ಚಿತ್ರ ಗೋಡೆಗೇರಿದರೆ ಆಯುಸ್ಸಿಗೆ ಕೇಡೆಂದು ಅಂಜುವ ಮನೆಗಳು ಆಗ ಬೇಕಾದಷ್ಟಿದ್ದವು. ಅವನಿಗೆ ಕೆಲಸಕ್ಕೇನೂ ಕೊರತೆಯಿರಲಿಲ್ಲ. ಅವನು ಬರೆದ ಮೂಗು ಕೂದಲೆಳೆಯಷ್ಟೂ ತಪ್ಪಿದ್ದಿಲ್ಲ. ಕಜೆತಾನ್ ಬರೆದ ಮೂಗುಗಳೋ, ಎಲ್ಲ ಸೊಟ್ಟ! ಆದರೂ ಜನ “ಸಾಕ್ಷಾತ್ ನಮ್ಮಪ್ಪನೇ” ಎನ್ನುತ್ತಿದ್ದುದು ಆ ಸೊಟ್ಟ ಮೂಗನ್ನು ನೋಡಿ. ಇದು ಯಾವ ಸೀಮೆಯ ನ್ಯಾಯ?

ಎಂಥ ಸೆಕೆಯಲ್ಲೂ ಬಿಚ್ಚದ ಆ ಕಂದು ಕೋಟು, ಅದರ ಜೇಬಿನಿಂದ ಎಲ್ಲರಿಗೂ ಹಂಚುವ ಪೆಪ್ಪರ್‌ಮಿಂಟು, ಸಿಕ್ಕಸಿಕ್ಕವರೆದುರು ನಿಂತು ನಿಂತು ಹತ್ತು ನಿಮಿಷದ ದಾರಿಗೆ ಒಂದು ಗಂಟೆ ಹಿಡಿಯುವ ಆ ನಡಿಗೆ, ಒಂದೊಂದೂ ಲೋಕನಾಥನ ಕಣ್ಣಿಗೆ ಮೆಣಸಿನ ಪುಡಿ.

೧೯೯೨ರ ಬೇಸಗೆಯಲ್ಲಿ ಲೋಕನಾಥನ ತಾಯಿ ಅಮ್ಮಣ್ಣಿ, ಮಗ ಬೆಳಿಗ್ಗೆ ಅಂಗಡಿಗೆ ಹೊರಟ ಮೇಲೆ, ತಮ್ಮೂರು ನೆಕ್ರಾಜೆಯಿಂದ ಹತ್ತು ಗಂಟೆಯ ಬಸ್ಸು ಹಿಡಿದು ದಿನಾ ಕಜೆತಾನನ ಮಾಳಿಗೆಗೆ ಬರತೊಡಗಿದಳು. ನಾಲ್ಕನೆಯ ದಿನ ಊಟಕ್ಕೆಂದು ಅಂಗಡಿ ಮುಚ್ಚುತ್ತಿದ್ದ ಲೋಕನಾಥ, ಎದುರಿನ ಮೆಟ್ಟಿಲು ಇಳಿಯುತ್ತಿದ್ದ ತಾಯಿಯನ್ನು ಕಂಡು ದಂಗಾದ.

“ಎಂತ ಅಮ್ಮ ಇದು? ಚಿತ್ರ ಬೇಕಿದ್ದರೆ ನಾನಿರಲಿಲ್ಲವಾ?”

“ನೀನು ಬಿಡಿಸುವುದು ಸತ್ತವರನ್ನಲ್ಲವಾ ಮಗ? ನನಗೆ ಇನ್ನೂ ಜೀವ ಉಂಟು.”

ಲೋಕನಾಥ ಧಡಧಡನೆ ಮಾಳಿಗೆ ಹತ್ತಿದ. ಊರವರೆಲ್ಲ ಬೇಕಾದರೆ ಹೋಗಲಿ, ತಾಯಿಯನ್ನೂ ಇವನು ಕಿತ್ತುಕೊಂಡರೆ ತನಗೆ ಉಳಿದದ್ದೇನು? ಚಿತ್ರ ಮುಗಿದಿತ್ತು. ಮೂಗು ಸೊಟ್ಟವೇ. ಆದರೆ ಅಮ್ಮನ ಮುಖದಲ್ಲಿ ಅವನು ಮನೆಯಲ್ಲಿ ಒಮ್ಮೆಯೂ ಕಾಣದ ನಗುವಿತ್ತು; ದೃಷ್ಟಿ ಕಿಟಕಿಯಾಚೆ ಎಲ್ಲೋ ನೆಟ್ಟಿತ್ತು.

“ನನ್ನ ಅಮ್ಮನನ್ನು ಇಷ್ಟು ನಗಿಸಲಿಕ್ಕೆ ನೀನು ಎಂತ ಹೇಳಿದ್ದು?”

“ನಾನು ಎಂತದೂ ಹೇಳಲಿಲ್ಲ ಮಾರಾಯ. ಅವರು ಆ ಕುರ್ಚಿಯಲ್ಲಿ ಕೂತು ಕೆಳಗೆ ನೋಡ್ತಾ ಇದ್ದರು.”

ಲೋಕನಾಥ ಕುರ್ಚಿಯಲ್ಲಿ ಕೂತು ಕತ್ತು ತಿರುಗಿಸಿದ. ಕೆಳಗೆ ಅವನದೇ ಅಂಗಡಿ. ಅದರ ಕಿಟಕಿಯ ಬಳಿ ಅವನದೇ ಮೇಜು, ಅದರ ಮೇಲೆ ಭೂತಗನ್ನಡಿ. ಇಷ್ಟೂ ದಿನ ಅಮ್ಮ ಇಲ್ಲಿಂದ ನೋಡಿದ್ದು ಬಗ್ಗಿದ ಅವನ ನೆತ್ತಿಯನ್ನು. ಅವನು ಒಮ್ಮೆಯೂ ತಲೆಯೆತ್ತಿರಲಿಲ್ಲ, ಸತ್ತ ಯಾರದೋ ಹುಬ್ಬು ಎಣಿಸುತ್ತಿದ್ದ.

ಕಜೆತಾನ್ ಪೆಪ್ಪರ್‌ಮಿಂಟು ಮುಂದೆ ಹಿಡಿದು, ತಲೆ ಓರೆ ಮಾಡಿ, “ಮತ್ತೆ?” ಎಂದ.

“ಮತ್ತೆಂತ? ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು!” ಎಂದುಬಿಟ್ಟ ಲೋಕನಾಥ.

“ಅದು ಗೊತ್ತುಂಟು. ಮತ್ತೆ?”

ಊರಿಗೊಬ್ಬರೋ ಇಬ್ಬರೋ ಇಂಥವರಿರುತ್ತಾರೆ. ಎದುರಿಗೆ ಕೂತವರಿಗೆ ತಮ್ಮ ಹೊತ್ತನ್ನೆಲ್ಲ ಧಾರೆಯೆರೆದು, ಅವರ ಪ್ರೀತಿಯನ್ನೂ ವಿಷವನ್ನೂ ಒಂದೇ ಸಮಾಧಾನದಲ್ಲಿ ಕೇಳಿಸಿಕೊಳ್ಳುವವರು. ಅವರ ಮೇಲೆ ಹೊಟ್ಟೆಕಿಚ್ಚುಪಟ್ಟು ಗೆದ್ದವರಿಲ್ಲ. ಯಾಕೆಂದರೆ ಆ ಕಿಚ್ಚನ್ನು ಹೇಳಿಕೊಳ್ಳುವುದಕ್ಕೂ ಕಡೆಗೆ ಅವರಲ್ಲದೆ ಇನ್ನೊಬ್ಬರು ಸಿಗುವುದಿಲ್ಲ.