ಉತ್ತರವಿಲ್ಲದ ಐದನೇ ಲೆಕ್ಕ

ಫ್ಯಾನು ಈ ಕಡೆ ತಿರುಗಿದಾಗೆಲ್ಲ ಮೇಜಿನ ಮೇಲಿನ ಕಾಗದಗಳ ಅಂಚು ಏಳುತ್ತೆ, ಮಲಗುತ್ತೆ, ಮತ್ತೆ ಏಳುತ್ತೆ, ಇಪ್ಪತ್ಮೂರು ಉತ್ತರಪತ್ರಿಕೆ, ಇಪ್ಪತ್ಮೂರು ಮಕ್ಕಳು ಒಟ್ಟಿಗೆ ಉಸಿರು ಬಿಟ್ಟ ಹಾಗೆ — ಬಿಡಲಿ ಪಾಪ, ಇಪ್ಪತ್ತು ದಿನದ ಬೇಸಿಗೆ ತರಗತಿಯಲ್ಲಿ ಉಸಿರು ಬಿಡೋಕೆ ಗಣಿತದ ಟೀಚರ್ ಪುರುಸೊತ್ತು ಕೊಟ್ಟಿದ್ದೆಲ್ಲಿ, ರಜೆಯಲ್ಲಿ ಊರಿಗೆ ಊರೇ ಮಲಗಿದ್ದಾಗ ಹೈಸ್ಕೂಲಿನ ಈ ಒಂದು ಕೋಣೆ ಮಾತ್ರ ಕುದಿಯುತ್ತಿತ್ತು, ಆಕೆಯ ಗಂಟಲಿಗೆ ಮೂರು ಬೀದಿಯಾಚೆಯ ನಾಯಿಗಳೂ ಹತ್ತೊಂಬತ್ತರ ಮಗ್ಗಿ ಕಲಿತುಬಿಟ್ಟಿದ್ದವು, ಸುಳ್ಳಲ್ಲ, ಒಂದು ನಾಯಿ ಸರಿಯಾಗಿ ಮೂವತ್ತೆಂಟು ಸಲ ಬೊಗಳಿ ನಿಲ್ಲಿಸಿದ್ದನ್ನು ಆಕೆಯೇ ಎಣಿಸಿದ್ದಳು. ಜೂನಿನಲ್ಲಿ ಅಡ್ವಾನ್ಸ್ಡ್ ಗಣಿತದ ಕ್ಲಾಸಿಗೆ ಕೂರಬೇಕಾದರೆ ಈ ತರಗತಿಯ ಕೊನೆಯ ಪರೀಕ್ಷೆ ಅನ್ನೋ ಬಾಗಿಲು ದಾಟಿಯೇ ಹೋಗಬೇಕು, ದಾಟಿಸೋಳು ಆಕೆ, ಇಪ್ಪತ್ತಾರು ವರ್ಷದಲ್ಲಿ ಒಂದು ತಪ್ಪಿಲ್ಲ, ಒಂದೂ, ಮನೆಯವರು ಹೇಳೋದುಂಟು, ನಿನ್ನ ಗೊರಕೇನೂ ಲೆಕ್ಕ ತಪ್ಪಲ್ಲ ಕಣೇ, ನಿಮಿಷಕ್ಕೆ ಹದಿನಾಲ್ಕು. ಹನ್ನೊಂದು ಗಂಟೆಗೆ ಹೆಡ್‌ಮೇಡಂ ಪಾಸಾದವರ ಪಟ್ಟಿ ತಗೊಳ್ಳೋಕೆ ಬರ್ತಾರೆ, ಈಗ ಹನ್ನೊಂದಕ್ಕೆ ಹತ್ತು ನಿಮಿಷ, ಪಟ್ಟಿಯಲ್ಲಿ ಇಪ್ಪತ್ತೆರಡು ಹೆಸರು, ಹೊರಗೆ ಉಳಿದದ್ದು ಒಂದೇ ಒಂದು, ಆ ದರ್ಜಿ ಮಗಳು, ಮಕ್ಕಳೆಲ್ಲ ರಬ್ಬರು ಅಂತ ಕರೆಯೋ ಹುಡುಗಿ, ಒಂದು ಸಾಲು ಬರೆದರೆ ಮೂರು ಸಾಲು ಅಳಿಸೋಳು. ಅವಳ ಪತ್ರಿಕೆಯನ್ನ ಆಕೆ ಮತ್ತೆ ಯಾಕೆ ತೆಗೆದಳೋ, ತೆಗೆದಿದ್ದು ನಗೋಕೆ, ಅದನ್ನ ಮುಚ್ಚಿಡೋದೇನು, ಸ್ಟಾಫ್‌ರೂಮಿನಲ್ಲಿ ಟೀ ಜೊತೆ ಹೇಳೋಕೆ ಒಂದು ತಮಾಷೆ ಬೇಕಿತ್ತು, ಐದನೇ ಲೆಕ್ಕಕ್ಕೆ ಏನು ಬರೆದಿದಾಳೆ ನೋಡ್ರೀ — ಮೊದಲನೇ ಸಮೀಕರಣದ ಎರಡರಷ್ಟು ಇಪ್ಪತ್ನಾಲ್ಕು ಆಗುತ್ತೆ, ಎರಡನೇದು ಅದನ್ನೇ ಸೊನ್ನೆ ಅನ್ನುತ್ತೆ, ಎರಡೂ ಹೇಗೆ ನಿಜ ಟೀಚರ್, ನನಗೇ ಎಲ್ಲೋ ತಪ್ಪಿರಬೇಕು. ಸೊನ್ನೆ ಅಂಕ. ಕೆಂಪು ಸುತ್ತು ಎಷ್ಟು ದುಂಡಗೆ ಬಂದಿದೆ, ಕಂಪಾಸಿನಲ್ಲಿ ಎಳೆದ ಹಾಗೆ, ಮತ್ತು ಆ ಸುತ್ತಿನ ಪಕ್ಕ ಕಾಗದ ಉಜ್ಜಿ ಉಜ್ಜಿ ಸವೆದು ಒಂದು ತೂತು.

ಎರಡು ಎಕ್ಸ್, ಮೂರು ವೈ, ಕೂಡಿದರೆ ಹನ್ನೆರಡು. ನಾಲ್ಕು ಎಕ್ಸ್‌ನಲ್ಲಿ ಆರು ವೈ ಕಳೆದರೆ ಸೊನ್ನೆ. ಎಕ್ಸ್ ಮೂರು, ವೈ ಎರಡು, ಬೋರ್ಡಿನ ಮೇಲೆ ಮೂರು ಸಲ ಮಾಡಿಸಿದ ಲೆಕ್ಕ, ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಮೂರು ಎರಡು ಅನ್ನಬೇಕು ಅಂತ ಗದರಿಸಿದ್ದಳು — ಪ್ರಶ್ನೆಪತ್ರಿಕೆ ಎಲ್ಲಿ, ಇಲ್ಲಿ, ನಾಲ್ಕು ಎಕ್ಸ್, ಆಮೇಲೆ, ಆಮೇಲೆ ಕೂಡುವ ಚಿಹ್ನೆ. ಕಳೆಯೋದಲ್ಲ. ಕೂಡೋದು. ಕನ್ನಡಕ ಒರೆಸಿದಳು, ಹಾಕಿಕೊಂಡಳು, ಕೂಡೋದೇ. ಪ್ರಿಂಟ್ ಮಾಡಿದವನ ತಲೆಗೆ ಕಟ್ಟೋಣ ಅಂದರೆ ಆಕೆಯದೇ ಕೈಬರಹ, ನೀಟಾಗಿ ಅಡ್ಡಗೀಟು, ನೀಟಾಗಿ ಉದ್ದಗೀಟು. ಹಾಗಾದರೆ ಈ ಲೆಕ್ಕಕ್ಕೆ ಉತ್ತರವೇ ಇಲ್ಲ, ದೇವರಾಣೆ ಇಲ್ಲ, ಬ್ರಹ್ಮಾಂಡದಲ್ಲೆಲ್ಲೂ ಇಲ್ಲ, ಆದರೂ ಇಪ್ಪತ್ತೆರಡು ಮಕ್ಕಳು ಮೂರು ಎರಡು ಅಂತ ಬರೆದಿದ್ದಾರೆ, ಯಾರೂ ಪ್ರಶ್ನೆ ಓದಿಲ್ಲ, ಬೋರ್ಡು ನೆನಪಿಸಿಕೊಂಡರು ಅಷ್ಟೇ, ಮತ್ತು ಇಪ್ಪತ್ತೆರಡು ಸಲ ಸರಿ ಅಂತ ಗೀಚಿದ ಟೀಚರಮ್ಮನೂ ಓದಿಲ್ಲ. ಗಿಳಿ ಸಾಕಿದೆಯಲ್ಲೇ, ಇಪ್ಪತ್ತು ದಿನ ಇಪ್ಪತ್ತೆರಡು ಗಿಳಿ. ಆ ಹುಡುಗಿ ಇಲ್ಲೇ ಸಿಕ್ಕಿಕೊಂಡಳು, ಕೊನೆಯ ಎರಡು ಲೆಕ್ಕ ಮುಟ್ಟೋಕೂ ಹೊತ್ತು ಸಿಗಲಿಲ್ಲ, ಅದಕ್ಕೇ ಅಂಕ ಸಾಲದೆ ಹೋಯಿತು, ನಿನ್ನೆ ಸಂಜೆ ಅವಳಪ್ಪ ಬಂದಿದ್ದ, ಕುತ್ತಿಗೆಯಲ್ಲಿ ಟೇಪು ಹಾಗೇ ಇತ್ತು, ಅಂಗಡಿಯಿಂದ ಎದ್ದು ಬಂದವನು, ಏನೂ ಮಾಡೋಕಾಗಲ್ವಾ ಟೀಚರಮ್ಮ, ಊಟಕ್ಕೆ ಕೂತರೂ ತಟ್ಟೆ ಪಕ್ಕ ಪೆನ್ಸಿಲ್ಲು ಇಟ್ಕೊಂಡಿರ್ತಾಳೆ. ಆಕೆ ಏನಂದಿದ್ದಳು, ದೊಡ್ಡ ಗತ್ತಿನಲ್ಲಿ, ನೋಡಪ್ಪಾ, ಎಲ್ಲರ ತಲೆಗೂ ಗಣಿತ ಹತ್ತಲ್ಲ, ಮಾಮೂಲಿ ಕ್ಲಾಸಿನಲ್ಲಿ ಹಾಯಾಗಿರ್ತಾಳೆ ಬಿಡು. ಹುಡುಗಿ ಅಪ್ಪನ ಹಿಂದಿನಿಂದ ಸರಿ ಟೀಚರ್ ಅಂದಳು, ಅಷ್ಟೇ, ಅಳಲೂ ಇಲ್ಲ, ಅಳುವ ಹುಡುಗಿಯರನ್ನ ಸಮಾಧಾನ ಮಾಡೋದರಲ್ಲಿ ಜಿಲ್ಲೆಗೇ ಮೊದಲಿಗಳು ಆಕೆ, ಸರಿ ಟೀಚರ್ ಅನ್ನೋರನ್ನ ಏನು ಮಾಡೋದು. ಪಟ್ಟಿ ಇವತ್ತು ಹೋದರೆ ಮುಗೀತು, ಜಾಗ ತುಂಬಿತು, ಎರಡು ವರ್ಷ ಮಾಮೂಲಿ ಕ್ಲಾಸು, ಅಲ್ಲಿ ಲೆಕ್ಕಕ್ಕೆ ತಿರುಗಿ ಮಾತಾಡೋಕೆ ಯಾರೂ ಬಿಡೋಲ್ಲ. ಅವಳ ಹೆಸರೊಂದನ್ನ ಸುಮ್ಮನೆ ಕೊನೆಗೆ ಸೇರಿಸಿಬಿಟ್ಟರೆ, ಕೂಡೋವಾಗ ಅಂಕ ಬಿಟ್ಟುಹೋಗಿತ್ತು ಅಂದರೆ, ಯಾರು ಕೇಳ್ತಾರೆ, ಕೆಂಪು ಪೆನ್ನು ಕೈಯಲ್ಲೇ ಇದೆ, ಸೊನ್ನೆಯ ಎಡಕ್ಕೆ ಒಂದು ಗೀಟು ಎಳೆದರೆ ಹತ್ತು — ತೂತು. ಪೆನ್ನಿನ ಮೊನೆ ಅದರ ಅಂಚಿಗೇ ಬಂದು ನಿಂತಿದೆ. ಒಂದು ಸಲ ಅಳಿಸಿದರೆ ಕಾಗದ ತೂತಾಗುತ್ತಾ, ಹತ್ತು ಸಲ, ಇಪ್ಪತ್ತು ಸಲ, ಅಂಚಿನಲ್ಲಿ ಇನ್ನೂ ಪೆನ್ಸಿಲ್ಲಿನ ಮಸುಕು ಇದೆ, ಬಗ್ಗಿ ನೋಡಿದರೆ ಸಾಧ್ಯವಿ ಅಂತ ಕಾಣುತ್ತೆ, ಸಾಧ್ಯವಿಲ್ಲ, ಪ್ರತಿ ಸಲವೂ ಅದನ್ನೇ ಬರೆದಿದ್ದಾಳೆ, ಪ್ರತಿ ಸಲವೂ ಸರಿ ಬರೆದು, ಟೀಚರ್ ತಪ್ಪು ಮಾಡಲ್ಲ ಅಂತ ಪ್ರತಿ ಸಲವೂ ಅಳಿಸಿದ್ದಾಳೆ, ಯಾರು ಕಲಿಸಿದ್ದು ಅದನ್ನ, ಇಪ್ಪತ್ತಾರು ವರ್ಷ ಒಂದೂ ತಪ್ಪಿಲ್ಲ ಅಂತ ಇಪ್ಪತ್ತು ದಿನವೂ ಬೆಳಗ್ಗೆ ಡಂಗುರ ಹೊಡೆದದ್ದು ಯಾರು.

ಹೆಜ್ಜೆ ಸದ್ದು, ಬಾಗಿಲಲ್ಲಿ ಮೇಡಂ, ಏನು ಟೀಚರ್, ಈ ಸಲವೂ ಫಲ ಚೆನ್ನಾಗಿ ಬಂದಿದೆಯಂತೆ, ನಿಮ್ಮ ಕೈಗೆ ಕೊಟ್ಟರೆ ಬೆಂಚೂ ಲೆಕ್ಕ ಮಾಡುತ್ತೆ ಬಿಡಿ. ಬೇರೆ ದಿನವಾಗಿದ್ದರೆ ಬೆಂಚು ಆಗಲೇ ಮಾಡಿದೆ ಮೇಡಂ ಅಂತಿದ್ದಳು. ಪಟ್ಟಿ ಕೊಡಬೇಕು, ಕೈ ಪಟ್ಟಿಯ ಮೇಲಿದೆ, ಆದರೆ ಕೈ ಎತ್ತಿದ್ದು ಇನ್ನೊಂದು ಕಾಗದವನ್ನ, ಮೇಡಂ ಅದನ್ನ ಕಿಟಕಿಯ ಬೆಳಕಿಗೆ ಹಿಡಿದರು, ಇದೇನ್ರೀ ಇದು.

ಐದನೇ ಲೆಕ್ಕದಲ್ಲಿ ಇವಳೊಬ್ಬಳೇ ಸರಿ ಮೇಡಂ. ಮಿಕ್ಕವರೆಲ್ಲ ತಪ್ಪು. ನಾನೂ.

ಮೇಡಂ ಏನೋ ಕೇಳ್ತಿದ್ದಾರೆ, ಮರುಪರೀಕ್ಷೆ, ಪೋಷಕರು, ಇಪ್ಪತ್ತೆರಡು ಮನೆಗೂ ಏನು ಹೇಳ್ತೀರಿ, ತುಟಿ ಆಡುತ್ತಿದೆ, ಆಕೆ ಪಟ್ಟಿಯನ್ನ ಮಗುಚಿ ಇಟ್ಟಳು, ಎಲ್ಲ ಮನೆಗೂ ಹೇಳಬೇಕು, ಮೊದಲು ದರ್ಜಿ ಅಂಗಡಿಗೆ ಹೋಗಬೇಕು, ಹೋಗಿ ಏನನ್ನಬೇಕು, ತೂತು, ಹುಡುಗಿಯ ಮುಖಕ್ಕೆ ಮುಖ ಕೊಟ್ಟು ಏನನ್ನಬೇಕು, ಬೆಳಕಿಗೆ ಹಿಡಿದ ಕಾಗದದಲ್ಲಿ ಅದೊಂದೇ ಕಾಣುತ್ತೆ, ಸುತ್ತ ಕೂದಲೆಳೆಯಂಥ ನಾರು ಎದ್ದಿದೆ, ಬೆರಳಿನ ತುದಿಯಷ್ಟು ತೂತು, ಅದರೊಳಗಿಂದ ಬಿಸಿಲು ನೇರ ಆಕೆಯ ಕಣ್ಣಿಗೆ, ತೂತು.