ಇಪ್ಪತ್ತು ಜೋಡಿ ಕಣ್ಣು

ತಂಗಿ ತೀರಿಕೊಂಡ ಅಕ್ಕನ ನರೆಗೂದಲಿನ ಸಿಕ್ಕು ಬಿಡಿಸುತ್ತಿದ್ದಾಗ ಅಪರಿಚಿತನೊಬ್ಬ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದ. ಮಂಚದ ಮೇಲಿದ್ದ ಮುಖವನ್ನು ಬಗ್ಗಿ ನೋಡಿದ. ಗುರುತು ಸಿಕ್ಕಿದ ಹಾಗೆ ಕಾಣಲಿಲ್ಲ.

"ಆಸ್ಪತ್ರೆ ಫೋನಲ್ಲಿ ಮಾತಾಡ್ತಿದ್ದೋರು ಇವರೇನಾ?" ಎಂದು ಕೇಳಿದ.

ತಂಗಿ ಹೌದೆಂದು ತಲೆಯಾಡಿಸಿದಳು. ಅವನು ಗೋಡೆಗೊರಗಿ ನಿಂತು ತನ್ನ ಕತೆ ಹೇಳಿದ. ಇಪ್ಪತ್ತು ವರ್ಷದ ಹಿಂದೆ ಅವನ ಹೆಂಡತಿಗೆ ಮನೆಯಲ್ಲೇ ಹೆರಿಗೆಯಾಗಿಬಿಟ್ಟಿತ್ತು. ಆಂಬುಲೆನ್ಸ್ ಬರುವ ತನಕ, ಮುಕ್ಕಾಲು ಗಂಟೆ, ಈಕೆ ಫೋನು ಇಡದೆ ಮಗುವನ್ನು ಹೇಗೆ ಒರೆಸಬೇಕು, ಹೇಗೆ ಬೆಚ್ಚಗಿಡಬೇಕು ಎಂದು ಒಂದೊಂದಾಗಿ ಹೇಳಿಕೊಟ್ಟಿದ್ದಳಂತೆ. ಮುಖ ನೋಡಿದ್ದು ಇವತ್ತೇ.

ಬೆಳಗಿನಿಂದ ಇಂಥವರು ಐದಾರು ಜನ ಬಂದುಹೋಗಿದ್ದರು. ತಂಗಿಗೆ ಇದೆಲ್ಲ ಹೊಸದು. ಅವಳು ಕಂಡ ಅಕ್ಕ ಮದುವೆಮನೆಗೂ ದಪ್ಪ ಪುಸ್ತಕ ಹಿಡಿದುಕೊಂಡು ಬರುವವಳು. ಟೀವಿ ಹಾಕಿದರೆ ಎದ್ದು ಒಳಗೆ ಹೋಗುವವಳು. "ತಲೇಲಿ ಇರೋ ಜಾಗ ಇಷ್ಟೇ ಕಣೆ, ಕಸ ತುಂಬ್ಕೊಂಡ್ರೆ ಬೇಕಾದಾಗ ಬೇಕಾದ್ದು ಕೈಗೆ ಸಿಗಲ್ಲ" ಎನ್ನುತ್ತಿದ್ದಳು. ಬರೀ ಫೋನು ಎತ್ತುವವಳಿಗೆ ಇಷ್ಟು ಜಂಬವೇ ಎಂದು ತಂಗಿ ಎಷ್ಟೋ ಸಲ ಮುಖ ತಿರುಗಿಸಿಕೊಂಡು ಎದ್ದು ಹೋದದ್ದುಂಟು.

ಹತ್ತು ಗಂಟೆಯ ಹೊತ್ತಿಗೆ ಅಕ್ಕನ ಹಳೆಯ ಗೆಳತಿ, ಅದೇ ಆಸ್ಪತ್ರೆಯಲ್ಲಿ ನರ್ಸಾಗಿದ್ದವಳು, ಕೋಲೂರಿಕೊಂಡು ಬಂದಳು. ಅಕ್ಕನ ಕೆನ್ನೆ ಸವರಿ, ಕೊನೆಯಲ್ಲಿ ಏನಾದರೂ ಮಾತಾಡಿದಳೇ ಎಂದು ವಿಚಾರಿಸಿದಳು.

ಲಕ್ವ ಹೊಡೆದ ಮೇಲೆ ಅಕ್ಕನ ಬಾಯಲ್ಲಿ ಉಳಿದಿದ್ದು ಒಂದೇ ಮಾತು. "ಮಾಡಿಸ್ಬೇಡಿ, ಮಾಡಿಸ್ಬೇಡಿ ಅಂತಿದ್ಲು" ಎಂದಳು ತಂಗಿ. "ವ್ಯಾಯಾಮ ಬೇಡ ಅಂತಿದಾಳೆ ಅಂದ್ಕೊಂಡು ಅದನ್ನೇ ನಿಲ್ಲಿಸಿಬಿಟ್ಟೆ. ಆದ್ರೂ ಬಿಡಲಿಲ್ಲ. ನನ್ನ ಕಡೆ ನೋಡ್ತಾನೂ ಇರಲಿಲ್ಲ. ನನ್ನ ಬೆನ್ನ ಹಿಂದೆ ಯಾರೋ ನಿಂತಿರೋ ಹಾಗೆ, ಅಲ್ಲೇ ನೋಡ್ಕೊಂಡು ಹೇಳೋಳು."

ನರ್ಸಮ್ಮ ತಂಗಿಯ ತೋಳು ಹಿಡಿದು ಹೊರಗಿನ ಮೆಟ್ಟಿಲಿಗೆ ಕರೆದುಕೊಂಡು ಹೋದಳು.

* * *

ಆಗ ಅಕ್ಕನಿಗೆ ಇಪ್ಪತ್ತಮೂರು. ಆಸ್ಪತ್ರೆಯ ಫೋನ್ ಕೋಣೆಗೆ ಸೇರಿ ಎಂಟು ತಿಂಗಳಾಗಿತ್ತು. ಮೇಜಿನ ಮೇಲೆ ಸಿನಿಮಾ ವಾರಪತ್ರಿಕೆಯೊಂದು ತೆರೆದಿತ್ತು. ಅದರಲ್ಲಿ ಇಪ್ಪತ್ತು ಜೋಡಿ ಕಣ್ಣುಗಳ ಚಿತ್ರ. ಯಾವ ಕಣ್ಣು ಯಾವ ನಟಿಯದೆಂದು ಬರೆದು ಸಂಜೆಯ ಟಪಾಲಿಗೆ ಹಾಕಬೇಕಿತ್ತು. ಹದಿನೆಂಟು ಮುಗಿದಿದ್ದವು.

ಫೋನು ಬಂತು. ಎರಡು ವರ್ಷದ ಮಗು ಸೀಮೆಎಣ್ಣೆ ಕುಡಿದುಬಿಟ್ಟಿದೆ ಎಂದಳು ಒಬ್ಬ ತಾಯಿ. ಡಾಕ್ಟರ ಕೋಣೆಯ ಲೈನು ಖಾಲಿ ಇರಲಿಲ್ಲ. ಲೈನಲ್ಲೇ ಇರಿ ಎಂದು ಹೇಳಿ ಅಕ್ಕ ಮತ್ತೆ ಪತ್ರಿಕೆಗೆ ಬಗ್ಗಿದಳು. ಹತ್ತೊಂಬತ್ತನೆಯ ಜೋಡಿ ಎಲ್ಲೋ ನೋಡಿದ ಹಾಗಿತ್ತು.

"ವಾಂತಿ ಮಾಡಿಸ್ಲಾ?" ಎಂದಿತು ಕಿವಿಯಲ್ಲಿದ್ದ ದನಿ.

"ಹೂಂ" ಎಂದಳು ಅಕ್ಕ.

ನಟಿಯ ಹೆಸರು ಹೊಳೆಯಿತು. ಬರೆದು ತಲೆಯೆತ್ತುವಷ್ಟರಲ್ಲಿ ಲೈನು ಕಡಿದಿತ್ತು.

ಸೀಮೆಎಣ್ಣೆ ಕುಡಿದವರಿಗೆ ವಾಂತಿ ಮಾಡಿಸಬಾರದು. ಮಾಡಿಸಿದರೆ ಎಣ್ಣೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗು ಮೂರನೆಯ ದಿನ ತೀರಿಕೊಂಡಿತು. ಫೋನಿನಲ್ಲಿ ಹೂಂ ಅಂದರಲ್ಲ ಎಂದು ಆ ತಾಯಿ ವಾರ್ಡಿನಲ್ಲಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಹೂಂ ಅಂದವರು ಯಾರೆಂದು ಯಾರೂ ಹುಡುಕಲಿಲ್ಲ. ಬಾಗಿಲ ಬಳಿ ನಿಂತು ಅದನ್ನು ಕೇಳಿಸಿಕೊಂಡ ಅಕ್ಕ, ಹೂಂ ಅಂದದ್ದು ತಾನೇ ಎಂದು ಹೇಳಿಕೊಂಡದ್ದು ಈ ನರ್ಸಮ್ಮನ ಹತ್ತಿರ ಮಾತ್ರ. ವಾಂತಿ ಮಾಡಿಸದಿದ್ದರೂ ಮಗು ಉಳಿಯುತ್ತಿತ್ತೆಂದು ಹೇಳಲಾಗದು ಎಂದು ಅವಳು ಎಷ್ಟು ಸಲ ಹೇಳಿದರೂ ಅಕ್ಕ ಕಿವಿಗೆ ಹಾಕಿಕೊಳ್ಳಲಿಲ್ಲ.

ಮರುದಿನದಿಂದ ಅಕ್ಕ ಊಟದ ಹೊತ್ತಿನಲ್ಲೆಲ್ಲ ಆಸ್ಪತ್ರೆಯ ಗ್ರಂಥಾಲಯದಲ್ಲಿ. ಅರ್ಥವಾಗದ ಪದಗಳನ್ನು ಚೀಟಿಯಲ್ಲಿ ಬರೆದುಕೊಂಡು ಡಾಕ್ಟರುಗಳ ಬೆನ್ನು ಬೀಳುತ್ತಿದ್ದಳು. ಮೊದಮೊದಲು ನಕ್ಕು ಅವಳಿಗೆ 'ಅರ್ಧ ಡಾಕ್ಟ್ರು' ಎಂದು ಹೆಸರಿಟ್ಟವರೇ ಕೊನೆಗೆ, ನಾವು ಬರೋವರೆಗೆ ನೀವೇ ಹೇಳ್ತಿರಿ ಎಂದು ಒಪ್ಪಿಸಿದರು.

* * *

"ನಿವೃತ್ತಿ ದಿನ ನನ್ನ ಹತ್ರ ಒಂದು ಮಾತು ಹೇಳಿದ್ಲು" ಎಂದಳು ನರ್ಸಮ್ಮ. "ಓದಿದ್ದೆಲ್ಲ ಒಂದೊಂದ್ಸಲ ಮರೆತುಹೋಗುತ್ತೆ ಕಣೆ, ಆ ಇಪ್ಪತ್ತು ಜೋಡಿ ಕಣ್ಣು ಮಾತ್ರ ಮರೆಯಲ್ಲ ಅಂತ."

ತಂಗಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದಳು.

"ಆ ಪತ್ರಿಕೆ ನಂದು" ಎಂದಳು. "ಬಹುಮಾನ ಕೈಗಡಿಯಾರ ಇತ್ತು. ನಂಗಾಗ ಹದಿನೈದು. ತುಂಬಿಕೊಡು ಅಂತ ಪ್ರಾಣ ತಿಂದಿದ್ದೆ. ಟಪಾಲಿಗೆ ಹಾಕೋದು ಮರೆತೆ ಅಂದ್ಲು. ಅದಕ್ಕೆ ಒಂದು ತಿಂಗಳು ಅವಳ ಜೊತೆ ಮಾತು ಬಿಟ್ಟಿದ್ದೆ."

ಅಷ್ಟರಲ್ಲಿ ವ್ಯಾನು ಬಂತು. ಗಂಡಸರು ಅಕ್ಕನನ್ನು ಎತ್ತಿ ತಂದಾಗ ಇಬ್ಬರೂ ಎದ್ದು ದಾರಿ ಬಿಟ್ಟರು. ವ್ಯಾನಿನೊಳಗೆ ಅಕ್ಕನ ಆಚೆ ನರ್ಸಮ್ಮ, ಈಚೆ ತಂಗಿ ಕೂತರು.

ತಿರುವು ದಾಟಿದ ಮೇಲೆ ತಂಗಿ ಕೇಳಿದಳು: "ವಾಂತಿ ಮಾಡಿಸ್ಬಾರ್ದು, ಸರಿ. ಮತ್ತೇನು ಮಾಡ್ಬೇಕು?"

ನರ್ಸಮ್ಮ ಅವಳ ಮುಖ ನೋಡಿದಳು. ಎಣ್ಣೆ ತಾಗಿದ ಬಟ್ಟೆ ಬಿಚ್ಚಬೇಕು, ಮೈ ತೊಳೀಬೇಕು, ಬಾಯಿಗೆ ಏನೂ ಹಾಕಬಾರದು, ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದು ಹೇಳಿದಳು. ಇಂಜಿನ್ನಿನ ಸದ್ದಿಗೆ ಅರ್ಧ ಕೇಳಿಸಲಿಲ್ಲ.

"ಇನ್ನೊಂದ್ಸಲ ಹೇಳಿ" ಎಂದು ತಂಗಿ ಅಕ್ಕನ ಎದೆಯ ಮೇಲೆ ಬಾಗಿ ಕಿವಿಗೊಟ್ಟಳು. ಬೆರಳು ಮಡಿಸುತ್ತ, ತುಟಿಯಲ್ಲೇ ಒಂದೊಂದನ್ನೂ ಹೇಳಿಕೊಳ್ಳುತ್ತಿದ್ದಳು.